ಎರಡು ಬೆರಳಿಗೆ ಎಂಟುನೂರು: ಚೀನಾದ ಮೂರು ಚಹಾ ಬೆಟ್ಟಗಳಲ್ಲಿ ನನಗೆ ಹಿಡಿಸಿದ್ದು

ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಕೊನೆವರೆಗೂ ಸುಮ್ನೆ ಕಾಯಿಸಿದ ಅನ್ನಬೇಡಿ. ಚೀನಾದಲ್ಲಿ ಚಹಾ ಬೆಳೆಯುವ ಬೆಟ್ಟ ನೋಡಬೇಕು, ಒಂದೇ ಕಡೆ ಹೋಗುವಷ್ಟು ರಜೆ ಇದೆ ಅಂದರೆ ವುಯಿಶಾನ್‌ಗೆ ಹೋಗಿ. ಹ್ವಾಂಗ್‌ಶಾನ್ ಚೆಂದ ಇಲ್ಲ ಅಂತಲ್ಲ. ಹಾಂಗ್‌ಝೌ ಊರಂಚಿನ ಲೋಂಗ್‌ಜಿಂಗ್ ಮೂರರಲ್ಲೂ ಸುಲಭ. ಆದರೆ ಮೂರೂ ಕಡೆ ದುಡ್ಡು ಸುರಿದು, ಮಂಡಿ ನೋಯಿಸಿಕೊಂಡು ಬಂದ ಮೇಲೆ ಮತ್ತೆ ಹೋಗಬೇಕು ಅನ್ನಿಸಿದ್ದು ವುಯಿಗೆ ಮಾತ್ರ. ಎರಡನೇ ಸಲ ಹೋಗಿಯೂ ಬಂದೆ.

ನನ್ನ ನಾಲಿಗೆ ಎಂಥದ್ದು ಅಂತ ಗೊತ್ತಾಗದೆ ನನ್ನ ಮಾತು ನಂಬಬೇಡಿ. ನಾನು ಮೂಡಿಗೆರೆ ಕಡೆಯವನು. ಕಾಫಿ ತೋಟದ ನಡುವೆ ಬೆಳೆದವನು. ಚಹಾ ಅಂದರೆ ನಮ್ಮ ಮನೆಯಲ್ಲಿ ಜ್ವರ ಬಂದಾಗ ಶುಂಠಿ ಹಾಕಿ ಕುದಿಸಿಕೊಡುವ ಕಷಾಯದ ತಮ್ಮ, ಅಷ್ಟೇ. ಕೆಲಸಕ್ಕೆ ಅಂತ ಜೆಜಿಯಾಂಗ್ ಪ್ರಾಂತ್ಯದ ಯಿವು ಊರಿಗೆ ಬಂದೆ. ಇಲ್ಲಿನ ಸಗಟು ಮಾರುಕಟ್ಟೆಯಿಂದ ಸಾಮಾನು ಹುಡುಕಿ ಊರಿಗೆ ಕಳಿಸುವ ಕೆಲಸ. ಯಿವು ಇಷ್ಟು ಅನುಕೂಲದ ಜಾಗದಲ್ಲಿದೆ ಅಂತ ಬರುವ ಮೊದಲು ಗೊತ್ತಿರಲಿಲ್ಲ. ಹಾಂಗ್‌ಝೌಗೆ ವೇಗದ ರೈಲಿನಲ್ಲಿ ಒಂದು ಗಂಟೆಯೂ ಬೇಡ. ಉಳಿದೆರಡು ಬೆಟ್ಟ ಒಂದೇ ರೈಲು ದಾರಿಯಲ್ಲಿವೆ. 2015ರಲ್ಲಿ ಶುರುವಾದ ಹೆಫೈ–ಫೂಝೌ ಮಾರ್ಗದಲ್ಲಿ ಹ್ವಾಂಗ್‌ಶಾನ್ ಉತ್ತರ, ವುಯಿಶಾನ್ ಉತ್ತರ ಅಂತ ಎರಡು ನಿಲ್ದಾಣ, ನಡುವೆ ಸುಮಾರು ಒಂದೂವರೆ ಗಂಟೆ. ಮನಸ್ಸು ಮಾಡಿದರೆ ಒಂದೇ ಓಟದಲ್ಲಿ ಎರಡನ್ನೂ ಮುಗಿಸಬಹುದು. ನಾನು ಹಾಗೆ ಮಾಡಲಿಲ್ಲ, ಮಂಡಿ ಒಪ್ಪಲಿಲ್ಲ.

ಮೊದಲು ಹೋಗಿದ್ದು ಲೋಂಗ್‌ಜಿಂಗ್‌ಗೆ. ಆಗ ನಾನು ಯಿವುಗೆ ಬಂದು ಮೂರೇ ವಾರ. ಈ ಮೂರು ವಾರದ ವಿಷಯ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಏಪ್ರಿಲ್ ಮೊದಲ ವಾರ. ಚೀನಾದವರು ಹಿರಿಯರ ಗೋರಿ ಗುಡಿಸಿ ಪೂಜೆ ಮಾಡುವ ಚಿಂಗ್‌ಮಿಂಗ್ ಹಬ್ಬ ಆಗ ಬರುತ್ತದೆ. ಹಬ್ಬಕ್ಕೆ ಮೊದಲು ಕಿತ್ತ ಚಿಗುರಿಗೆ ಚಿನ್ನದ ಬೆಲೆ, ನಂತರ ದಿನದಿನಕ್ಕೂ ಇಳಿಯುತ್ತದೆ. ಸಿಹು ಕೆರೆಯ ಹತ್ತಿರ 27ನೇ ನಂಬರ್ ಬಸ್ ಹತ್ತಿದರೆ ನೇರ ಚಹಾ ತೋಟದ ನಡುವೆ ಇಳಿಸುತ್ತದೆ. ಟಿಕೆಟ್ ಎರಡು ಯುವಾನ್. ಊರಿಗೆ ಪ್ರವೇಶ ಶುಲ್ಕ ಇಲ್ಲ. ದಾರಿಯಲ್ಲಿ ಸಿಗುವ ರಾಷ್ಟ್ರೀಯ ಚಹಾ ಮ್ಯೂಸಿಯಂ ಕೂಡ ಬಿಟ್ಟಿ. ಖರ್ಚಿನ ಲೆಕ್ಕದಲ್ಲಿ ಇದನ್ನು ಹೊಡೆಯುವ ಜಾಗ ಇಲ್ಲ. ಹೀಗಂತ ನಾನೂ ಆವತ್ತು ಬೆಳಿಗ್ಗೆ ಅಂದುಕೊಂಡಿದ್ದೆ.

ಮನೆಮನೆಯ ಬಾಗಿಲಲ್ಲೂ ಒಂದು ಬಾಣಲೆ. ಅದರ ಮುಂದೆ ಕೂತು ಬರಿಗೈಯಲ್ಲಿ ಎಲೆ ಹುರಿಯುತ್ತಾರೆ. ನಾನು ಒಬ್ಬರ ಮುಂದೆ ಅರ್ಧ ಗಂಟೆ ನಿಂತಿದ್ದೆ. ಅಂಗೈಯನ್ನು ಬಾಣಲೆಯ ತಳಕ್ಕೆ ಒತ್ತಿ ಎಲೆಯನ್ನು ಬದಿಗೆ ಎಳೆದು ತರುವುದು, ಎತ್ತಿ ಉದುರಿಸುವುದು, ಮತ್ತೆ ಒತ್ತುವುದು. ದೋಸೆ ಕಾವಲಿಗೆ ಬೆರಳು ತಾಗಿದರೆ ಚಿಟ್ಟನೆ ಕೈ ಎಳೆದುಕೊಳ್ಳುವವರು ನಾವು, ಆ ಮನುಷ್ಯ ಗೋಡೆ ಗಡಿಯಾರ ನೋಡಿಕೊಂಡು ಆರಾಮಾಗಿ ಹುರಿಯುತ್ತಿದ್ದ. ಒತ್ತಿ ಒತ್ತಿಯೇ ಲೋಂಗ್‌ಜಿಂಗ್ ಎಲೆ ಚಪ್ಪಟೆ ಆಗುವುದು. ಹುರಿಗಡಲೆಯ ಥರದ ಒಂದು ಘಮ ಬೀದಿಯೆಲ್ಲ ತುಂಬಿತ್ತು. ಆ ಘಮಕ್ಕೇ ನಾನು ಬಿದ್ದಿದ್ದು.

ಪಕ್ಕದ ಮನೆಯ ಹೆಂಗಸೊಬ್ಬರು ಕರೆದು ಕೂರಿಸಿದರು. ಇಲ್ಲಿ ಅಷ್ಟು ವಯಸ್ಸಿನವರನ್ನು ‘ಆಯಿ’ ಅಂತ ಕರೆಯುತ್ತಾರೆ. ನಮ್ಮ ಶಿರಸಿ ಕಡೆಯ ಗೆಳೆಯ ಅವನ ಅಮ್ಮನನ್ನು ಕರೆಯುವ ಹಾಗೇ ಕೇಳಿಸುತ್ತದೆ, ಅಲ್ಲಿಗೆ ಅರ್ಧ ನಂಬಿಕೆ ಬಂದುಬಿಟ್ಟಿತು. ಗಾಜಿನ ಲೋಟಕ್ಕೆ ಎಲೆ ಹಾಕಿ ಬಿಸಿನೀರು ಸುರಿದು ಕೊಟ್ಟರು. ಎಲೆಗಳು ನೆಟ್ಟಗೆ ನಿಂತುಕೊಂಡು ಮೆಲ್ಲಗೆ ಕೆಳಗಿಳಿಯುವುದು ನೋಡೋಕೆ ಚೆನ್ನಾಗಿತ್ತು. ಕುಡಿದೆ. ಪರವಾಗಿಲ್ಲ ಅನ್ನಿಸಿತು. ಎಷ್ಟು ಅಂತ ಕೈಸನ್ನೆಯಲ್ಲಿ ಕೇಳಿದೆ.

ಅವರು ಹೆಬ್ಬೆರಳು, ತೋರುಬೆರಳು ಎರಡನ್ನು ಬಿಡಿಸಿ ತೋರಿಸಿದರು. ಬಾಯಲ್ಲೂ ಏನೋ ಹೇಳಿದರು. ನನಗೆ ಕಂಡಿದ್ದು ಎರಡು ಬೆರಳು. ಎರಡು ಬೆರಳು ಅಂದರೆ ಎರಡು, ಅಂದರೆ ಇನ್ನೂರು. ಕಿಲೋಗೆ ಇನ್ನೂರು ಯುವಾನ್, ಅರ್ಧ ಕಿಲೋ ತಗೊಂಡರೆ ನೂರು. ಊರಿಗೂ ಸ್ವಲ್ಪ ಕಳಿಸಬಹುದು ಅಂತ ಮನಸ್ಸಿನಲ್ಲೇ ಹಂಚಿಯೂ ಆಯಿತು. ‘ಅರ್ಧ’ ಅಂತ ಕೈ ಅಡ್ಡ ಇಟ್ಟು ಕತ್ತರಿಸುವ ಹಾಗೆ ತೋರಿಸಿದೆ. ಅವರಿಗೆ ಅರ್ಥವಾಯಿತು. ತೂಗಿದರು, ಬೆಳ್ಳಿ ಬಣ್ಣದ ಚೀಲಕ್ಕೆ ಹಾಕಿ ಬಾಯಿಗೆ ಬಿಸಿ ಪಟ್ಟಿ ಒತ್ತಿ ಮುಚ್ಚಿದರು. ನನ್ನ ಫೋನಿನ ಕೋಡನ್ನು ಅವರೇ ಸ್ಕ್ಯಾನ್ ಮಾಡಿದರು. ಗುಪ್ತಸಂಖ್ಯೆ ಕೇಳಿತು, ಒತ್ತಿದೆ. ಆಮೇಲೆ ಬಂತು ಮೆಸೇಜು.

ನಾನೂರು ಯುವಾನ್.

ಚೀನಾದವರು ಒಂದೇ ಕೈಯಲ್ಲಿ ಹತ್ತರವರೆಗೂ ಎಣಿಸುತ್ತಾರೆ ಅಂತ ಆಗ ನನಗೆ ಗೊತ್ತಿರಲಿಲ್ಲ. ಐದರವರೆಗೆ ನಮ್ಮ ಹಾಗೇ. ಹೆಬ್ಬೆರಳು, ಕಿರುಬೆರಳು ಚಾಚಿದರೆ ಆರು. ಹೆಬ್ಬೆರಳು, ತೋರುಬೆರಳು ಚಾಚಿದರೆ ಎಂಟು. ಆಯಿ ತೋರಿಸಿದ್ದು ಎಂಟುನೂರು. ಅದೂ ಕಿಲೋಗೆ ಅಲ್ಲ, ‘ಜಿನ್’ಗೆ. ಇಲ್ಲಿ ಚಹಾ ಆಗಲಿ ಟೊಮೆಟೊ ಆಗಲಿ, ಬೆಲೆ ಹೇಳುವುದು ಜಿನ್ ಲೆಕ್ಕದಲ್ಲಿ. ಒಂದು ಜಿನ್ ಅಂದರೆ 500 ಗ್ರಾಂ. ನನ್ನ ‘ಅರ್ಧ’ ಅವರಿಗೆ ಅರ್ಧ ಜಿನ್. ಅಂದರೆ ನೂರು ಯುವಾನ್‌ಗೆ ಅರ್ಧ ಕಿಲೋ ಬರುತ್ತೆ ಅಂದುಕೊಂಡವನಿಗೆ ನಾನೂರಕ್ಕೆ ಕಾಲು ಕಿಲೋ ಬಂತು. ಕೂತು ಲೆಕ್ಕ ಹಾಕಿದೆ, ಎಂಟು ಪಟ್ಟು. ಇಲ್ಲೂ ಎಂಟು! ಸಾಲದ್ದಕ್ಕೆ ವಿದೇಶಿ ಕಾರ್ಡನ್ನು ಫೋನಿನಲ್ಲಿ ದುಡ್ಡು ಕೊಡುವ ಅಲಿಪೇ ಆಪ್‌ಗೆ ಜೋಡಿಸಿದ್ದರೆ ಇನ್ನೂರು ಯುವಾನ್ ದಾಟಿದ ಪಾವತಿಗೆ ನೂರಕ್ಕೆ ಮೂರು ಶುಲ್ಕ. ಮೇಲೆ ಹನ್ನೆರಡು ಯುವಾನ್ ದಂಡ ಅಂತಲೇ ಇಟ್ಟುಕೊಳ್ಳಿ.

ವಾಪಸ್ ಕೊಡೋಣ ಅಂದರೆ ಚೀಲ ಮುಚ್ಚಿ ಆಗಿತ್ತು. ಜಗಳ ಆಡೋಣ ಅಂದರೆ ಭಾಷೆ ಬೇಕಲ್ಲ. ಆಫೀಸಿಗೆ ಹೋಗಿ ಅಲ್ಲಿನ ಗೆಳೆಯನ ಹತ್ತಿರ ಗೋಳು ಹೇಳಿಕೊಂಡರೆ ಅವನು ಚೀಲ ಮೂಸಿ ನೋಡಿ, ಎಂಟುನೂರಕ್ಕೆ ಒಳ್ಳೆಯದೇ ಸಿಕ್ಕಿದೆ ಅಂದ. ಹಬ್ಬಕ್ಕೆ ಮೊದಲಿನ ಒಳ್ಳೇ ಮಾಲು ಸಾವಿರಗಳ ಲೆಕ್ಕದಲ್ಲಿ ಹೋಗುತ್ತದಂತೆ. ಅಂದರೆ ಆಯಿ ಮೋಸ ಮಾಡಿರಲಿಲ್ಲ. ಬೈಯೋಕೆ ಯಾರೂ ಇಲ್ಲ ಅನ್ನುವುದೇ ಜಾಸ್ತಿ ಬೇಜಾರು.

ಕಥೆ ಅಲ್ಲಿಗೂ ಮುಗಿಯಲಿಲ್ಲ. ಹಸಿರು ಚಹಾವನ್ನು ಗಾಳಿಯಾಡದ ಹಾಗೆ ಮುಚ್ಚಿ ಫ್ರಿಜ್‌ನಲ್ಲಿ ಇಡಬೇಕು, ಇಲ್ಲದಿದ್ದರೆ ತಾಜಾತನ ಹೋಗುತ್ತದೆ, ಅಕ್ಕಪಕ್ಕದ ವಾಸನೆಯನ್ನೂ ಹೀರಿಕೊಳ್ಳುತ್ತದೆ. ನನ್ನ ಫ್ರಿಜ್ ಅಂದರೆ ಹೋಟೆಲ್ ರೂಮಿನ ಫ್ರಿಜ್ ಗಾತ್ರದ್ದು. ಅದರಲ್ಲಿ ದೋಸೆ ಹಿಟ್ಟಿನ ಡಬ್ಬಿ ಇಟ್ಟರೆ ಮುಗಿಯಿತು. ಹಾಗಾಗಿ ನಾನೂರು ಯುವಾನ್‌ನ ಚಹಾ ಅಡುಗೆಮನೆ ಶೆಲ್ಫಿನಲ್ಲಿ ಅಮ್ಮ ಕೊಟ್ಟ ಸಾರಿನ ಪುಡಿ ಪಕ್ಕ ಕೂತಿತು. ಎರಡು ತಿಂಗಳಿಗೆ ಲೋಟದಲ್ಲಿ ಎಲೆ ನೆಟ್ಟಗೇ ನಿಲ್ಲುತ್ತಿತ್ತು, ಘಮ ಮಾತ್ರ ಕೊತ್ತಂಬರಿ, ಮೆಂತ್ಯ, ಇಂಗು.

ಇದನ್ನೆಲ್ಲ ಬದಿಗಿಟ್ಟು ಹೇಳುವುದಾದರೂ, ಲೋಂಗ್‌ಜಿಂಗ್ ಬೆಟ್ಟ ಅಂತ ಅನ್ನಿಸುವುದಿಲ್ಲ. ಗುಡ್ಡ. ಚಿಯಾನ್‌ಲೋಂಗ್ ದೊರೆಯ ಹೆಸರಿನ ಹದಿನೆಂಟು ಗಿಡಗಳಿಗೆ ಬೇಲಿ ಹಾಕಿ ಇಟ್ಟಿದ್ದಾರೆ, ಅದರ ಮುಂದೆ ಫೋಟೊ ತೆಗೆಸಿಕೊಳ್ಳಲು ಸಾಲು. ಅಲ್ಲಿಂದ ಜಿಯುಶಿ ಅನ್ನುವ ಕಡೆಗೆ ತೊರೆಗಳನ್ನು ದಾಟುತ್ತಾ ಇಳಿಯುವ ದಾರಿ ಒಂದು ಚೆನ್ನಾಗಿದೆ. ಚಪ್ಪಲಿ ಕೈಯಲ್ಲಿ ಹಿಡಿದು ನಡೆದರೆ ನಮ್ಮ ಕಡೆಯ ಹಳ್ಳ ದಾಟಿದ ಹಾಗೇ.

ಹ್ವಾಂಗ್‌ಶಾನ್‌ಗೆ ಹೋಗಿದ್ದು ಅಕ್ಟೋಬರ್‌ನಲ್ಲಿ, ಮೊದಲ ವಾರದ ರಾಷ್ಟ್ರೀಯ ರಜೆ ಮುಗಿದ ಮೇಲೆ. ರಜೆಯ ವಾರದಲ್ಲಿ ಹೋದರೆ ಬೆಟ್ಟ ಕಾಣುವುದಿಲ್ಲ, ಮುಂದಿನವರ ಬೆನ್ನಿನ ಚೀಲ ಕಾಣುತ್ತದೆ. ಇದರ ಬಗ್ಗೆ ಚಿತ್ರ, ವಿಡಿಯೊ ಎಲ್ಲ ನೀವು ನೋಡಿಯೇ ಇರುತ್ತೀರಿ, ಬಂಡೆ ಮೇಲಿನ ಪೈನ್ ಮರ, ಮೋಡದ ಸಮುದ್ರ. ನನಗೆ ಸಮುದ್ರ ಸಿಗಲಿಲ್ಲ, ಹಾಲಿನ ಕೊಳಗದೊಳಗೆ ಇಳಿಸಿದ ಹಾಗಿತ್ತು. ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಹತ್ತು ಅಡಿ ಆಚೆಗೆ ಏನೂ ಇಲ್ಲ. ಎರಡು ಗಂಟೆ ಹೊತ್ತಿಗೆ ಹತ್ತು ನಿಮಿಷ ಮೋಡ ಹರಿಯಿತು. ಆ ಹತ್ತು ನಿಮಿಷಕ್ಕೆ ಎಲ್ಲರೂ ‘ಹೋ’ ಅಂತ ಕೂಗಿದರು, ನಾನೂ ಕೂಗಿದೆ. ಸುಳ್ಳು ಹೇಳಬಾರದು, ಹಾಗೊಂದು ನೋಟ ಬೇರೆಲ್ಲೂ ನೋಡಿಲ್ಲ.

ಆದರೆ ದುಡ್ಡು. ನಾನು ಹೋದಾಗ ಪ್ರವೇಶಕ್ಕೆ 190 ಯುವಾನ್, ಕೇಬಲ್ ಕಾರಿಗೆ ಒಂದು ಕಡೆಗೆ 80, ಬುಡದ ತಾಂಗ್‌ಕೌ ಊರಿಂದ ಕೇಬಲ್ ಕಾರಿನವರೆಗೆ ಬಸ್ಸಿಗೆ 19. ಮೇಲೆ ಉಳಿಯುವ ಹೋಟೆಲ್‌ಗಳ ಬೆಲೆ ಕೇಳಿ ಇಳಿದು ಬಂದೆ. ಎಲ್ಲ ಸಾಮಾನನ್ನೂ ಕೂಲಿಗಳು ಬಿದಿರಿನ ದಂಡದಲ್ಲಿ ಹೆಗಲ ಮೇಲೆ ಹೊತ್ತು ಮೆಟ್ಟಿಲು ಹತ್ತುತ್ತಾರೆ, ಬೆಲೆ ಯಾಕೆ ಅಂತ ಅವರ ಮೀನಖಂಡ ನೋಡಿದರೆ ಗೊತ್ತಾಗುತ್ತದೆ. ಅತಿ ಎತ್ತರದ ಕಮಲ ಶಿಖರ 1864 ಮೀಟರ್. ನಮ್ಮ ಮುಳ್ಳಯ್ಯನಗಿರಿಗಿಂತ ಕಮ್ಮಿಯೇ. ಆದರೆ ಇಲ್ಲಿ ಮೆಟ್ಟಿಲು ಹತ್ತಿಸಿ ಇಳಿಸಿ ಮತ್ತೆ ಹತ್ತಿಸುತ್ತಾರೆ. ಮಂಡಿ ಇಳಿಯುವಾಗ ಅಳುತ್ತದೆ.

ಇನ್ನೊಂದು ಮುಖ್ಯ ತಕರಾರು. ಹ್ವಾಂಗ್‌ಶಾನ್ ಮಾವೊಫೆಂಗ್ ದೊಡ್ಡ ಹೆಸರಿನ ಚಹಾ, ಪಕ್ಕದ ಚಿಮೆನ್ ತಾಲೂಕಿನ ಕಪ್ಪು ಚಹಾ (ಚೀನಾದವರು ಅದನ್ನು ಕೆಂಪು ಚಹಾ ಅನ್ನುತ್ತಾರೆ) ಬ್ರಿಟಿಷರ ಕಾಲದಿಂದ ‘ಕೀಮುನ್’ ಅಂತ ಹೆಸರುವಾಸಿ. ಬೆಟ್ಟದ ಮೇಲೆ ಹುಡುಕಿದರೆ ಮಾತ್ರ ಒಂದು ಚಹಾ ಗಿಡ ಸಿಗಲಿಲ್ಲ. ತೋಟವೆಲ್ಲ ಕೆಳಗಿನ ಹಳ್ಳಿಗಳಲ್ಲಿ. ಚಹಾ ನೋಡೋಕೆ ಹೋದವನು ಮೇಲೆ ಕುಡಿದಿದ್ದು ನನ್ನದೇ ಫ್ಲಾಸ್ಕಿನ ನೀರು. ಊಟದ ವಿಷಯ ಒಂದೇ ಸಾಲು: ಸೊಪ್ಪು ಬರೀ ಸೊಪ್ಪೇ ಅಂತ ನಂಬಬೇಡಿ, ಹಂದಿ ಕೊಬ್ಬಿನಲ್ಲಿ ಬಾಡಿಸಿರಬಹುದು, ಕೇಳಿ ತಿನ್ನಿ.

ಈಗ ವುಯಿ.

ಫೂಜಿಯಾನ್ ಪ್ರಾಂತ್ಯದ ಉತ್ತರ ತುದಿ. ಮೊದಲ ಸಲ ಹೋಗಿದ್ದು ಮೇ ಮೊದಲ ಭಾಗದಲ್ಲಿ, ಚಿಗುರು ಕೀಳುವ ಕಾಲ. ಸಂಜೆ ಊರಲ್ಲಿ ಇಳಿದ ಕೂಡಲೇ ಒಂದು ವಾಸನೆ ಮೂಗಿಗೆ ಬಡಿಯಿತು. ಅರ್ಧ ಹೂವು, ಅರ್ಧ ಹಸಿ ಎಲೆ ಬಾಡುವ ವಾಸನೆ. ಪ್ರತಿ ಮನೆಯ ಕೆಳಗಿನ ಮಹಡಿಯಲ್ಲೂ ಬಿದಿರಿನ ಮೊರಗಳಲ್ಲಿ ಎಲೆ ಹರಡಿಕೊಂಡಿದ್ದರು. ರಾತ್ರಿಯಿಡೀ ಅದನ್ನು ಅಲುಗಿಸುತ್ತಾ, ಬಿಡುತ್ತಾ, ಮತ್ತೆ ಅಲುಗಿಸುತ್ತಾ ಕಾಯುತ್ತಾರೆ. ಎಲೆಯ ಅಂಚು ಕೆಂಪಾಗಬೇಕು, ನಡು ಹಸಿರು ಉಳಿಯಬೇಕು. ಆಮೇಲೆ ಹುರಿದು, ಹೊಸೆದು, ಕೊನೆಗೆ ಇದ್ದಿಲ ಕೆಂಡದ ಮೇಲೆ ಗಂಟೆಗಟ್ಟಲೆ ಕಾಯಿಸುತ್ತಾರೆ. ನಿದ್ದೆಗೆಟ್ಟ ಆ ಮುಖಗಳನ್ನು ನೋಡಿದಾಗ ನಮ್ಮ ಮನೆಯ ಕಾಫಿ ಕೊಯ್ಲು ನೆನಪಾಯಿತು. ಕಣದಲ್ಲಿ ಹಣ್ಣು ಹರಡಿಕೊಂಡು, ಮೋಡ ಕಂಡರೆ ಟಾರ್ಪಾಲು ಹಿಡಿದು ಓಡುವ ಅಪ್ಪನ ಮುಖ ಹಾಗೇ ಇರುತ್ತದೆ.

ನನ್ನ ನಾಲಿಗೆಗೆ ಇಲ್ಲೇ ಉತ್ತರ ಸಿಕ್ಕಿದ್ದು. ಬಂಡೆಗಳ ನಡುವೆ ಬೆಳೆದು ಕೆಂಡದ ಮೇಲೆ ಕಾಯಿಸಿದ ಈ ‘ಬಂಡೆ ಚಹಾ’ ಕಂದು ಬಣ್ಣ, ಕುಡಿದ ಮೇಲೆ ಗಂಟಲಲ್ಲಿ ಉಳಿಯುತ್ತದೆ. ಡಿಕಾಕ್ಷನ್ ಕುಡಿದು ಬೆಳೆದವರಿಗೆ ಹಸಿರು ಚಹಾ ಬೇಯಿಸಿದ ಸೊಪ್ಪಿನ ಕಟ್ಟು ಅನ್ನಿಸಿದರೆ ತಪ್ಪೇನಿಲ್ಲ, ಇದು ಹಾಗಲ್ಲ. ಮುಖ್ಯವಾಗಿ ಇದನ್ನು ಫ್ರಿಜ್‌ನಲ್ಲಿ ಇಡಬೇಕಾಗಿಲ್ಲ. ಮುಚ್ಚಳ ಬಿಗಿಯಾದ ಡಬ್ಬಿ ಸಾಕು, ವರ್ಷ ಇಟ್ಟರೂ ಕೆಡುವುದಿಲ್ಲ.

ಚಹಾ ಗಿಡಗಳು ಇಲ್ಲಿ ಗುಡ್ಡದ ಮೇಲೆ ಸಾಲಾಗಿ ಕಂಬಳಿ ಹೊದಿಸಿದ ಹಾಗೆ ಇಲ್ಲ. ಎರಡು ಕೆಂಪು ಬಂಡೆಗಳ ನಡುವಿನ ಸಂದಿ, ಅದರಲ್ಲಿ ಕಲ್ಲು ಪೇರಿಸಿ ಕಟ್ಟಿದ ಕಟ್ಟೆ, ಕಟ್ಟೆಯೊಳಗೆ ಇಪ್ಪತ್ತು ಮೂವತ್ತು ಗಿಡ. ದಹೊಂಗ್‌ಪಾವ್ ಅನ್ನುವ ಬಂಡೆ ಚಹಾದ ಮೂಲ ಗಿಡಗಳ ಹತ್ತಿರದಿಂದ ಶುಯಿಲಿಯನ್ ಗುಹೆಯವರೆಗೆ ಈ ಸಂದಿಗಳ ಒಳಗೇ ನಡೆಯುವ ದಾರಿ ಇದೆ. ಎರಡು ಗಂಟೆ ಸಾಕು. ಹೆಚ್ಚು ಏರಿಳಿತ ಇಲ್ಲ, ಬಂಡೆಯಿಂದ ನೀರು ತೊಟ್ಟಿಕ್ಕುತ್ತಿರುತ್ತದೆ, ಪಾಚಿ, ತಂಪು. ಎದುರಿಗೆ ಹೆಗಲ ಮೇಲೆ ದಂಡ, ಎರಡು ಕಡೆ ಹಸಿ ಎಲೆಯ ಬುಟ್ಟಿ ಹೊತ್ತವರು ಓಡುನಡಿಗೆಯಲ್ಲಿ ಬರುತ್ತಾರೆ. ಬಂಡೆಗೆ ಒರಗಿ ದಾರಿ ಬಿಡಬೇಕು. ನಾನು ಹಾಗೆ ಒರಗಿದಾಗ ಒಂದು ಬುಟ್ಟಿ ತೋಳಿಗೆ ಸವರಿಕೊಂಡು ಹೋಯಿತು. ಹಸಿ ಎಲೆ ಬೆಚ್ಚಗಿತ್ತು.

ಆ ಹೆಸರಾಂತ ದಹೊಂಗ್‌ಪಾವ್ ತಾಯಿಗಿಡಗಳು ಆರೇ ಆರು, ಬಂಡೆಯ ಗೋಡೆಯ ಮೇಲೆ ಎತ್ತರದ ಕಟ್ಟೆಯಲ್ಲಿ ಕೂತಿವೆ. 2006ರಿಂದ ಅವುಗಳ ಎಲೆ ಕೀಳುವುದನ್ನು ನಿಲ್ಲಿಸಿದ್ದಾರೆ. ಹಾಗಾಗಿ ಅಂಗಡಿಯಲ್ಲಿ ಯಾರಾದರೂ ‘ತಾಯಿಗಿಡದ್ದು’ ಅಂದರೆ ನಕ್ಕು ಎದ್ದು ಬನ್ನಿ. ಈಗ ಸಿಗುವುದೆಲ್ಲ ಗೆಲ್ಲು ನೆಟ್ಟು ಬೆಳೆಸಿದ್ದು ಅಥವಾ ಬೇರೆ ಬೇರೆ ಬಂಡೆ ಚಹಾ ಬೆರೆಸಿದ್ದು.

ಅಂಗಡಿಯ ಒಂದು ಮಾತು ಹೇಳಲೇಬೇಕು. ನಾನು ‘ವೊ ಚ್ರ್ ಸು’, ಅಂದರೆ ಸಸ್ಯಾಹಾರಿ ಅಂತ ಹೇಳಿ ಕೂತಿದ್ದೆ. ಮಾರುವ ಹುಡುಗ ಫೋನಿನ ಅನುವಾದದ ಆಪ್ ಹಿಡಿದು, ನಮ್ಮಲ್ಲಿ ಎಲ್ಲಕ್ಕಿಂತ ಒಳ್ಳೆಯದು ದನದ ಮಾಂಸ, ರುಚಿ ನೋಡಿ ಅಂದ. ಗಾಬರಿಯಾಯಿತು. ಆಮೇಲೆ ತಿಳಿಯಿತು. ನ್ಯೂಲಾನ್‌ಕೆಂಗ್ ಅನ್ನುವ ಕಣಿವೆಯಲ್ಲಿ ಬೆಳೆದ ರೌಗುಯಿ ತಳಿಯ ಚಹಾಕ್ಕೆ ಮೊದಲ ಅಕ್ಷರಗಳನ್ನು ಸೇರಿಸಿ ‘ನ್ಯೂ ರೌ’ ಅಂತಾರೆ, ಆ ಪದಕ್ಕೆ ಅರ್ಥ ದನದ ಮಾಂಸ. ಇನ್ನೊಂದು ಬಂಡೆಯದ್ದಕ್ಕೆ ಕುದುರೆ ಮಾಂಸ. ಬೆಲೆ ನನ್ನ ಕೈಗೆ ಎಟುಕುವಂಥದ್ದಲ್ಲ. ನಾನು ತಗೊಂಡಿದ್ದು ಶುಯಿಶಿಯನ್ ಅನ್ನುವ ಇನ್ನೊಂದು ತಳಿಯ ಸಾಮಾನ್ಯ ಚಹಾ, ಅರ್ಧ ಜಿನ್. ಈ ಸಲ ಕ್ಯಾಲ್ಕುಲೇಟರ್ ತೆರೆದು ಮುಂದೆ ಇಟ್ಟೆ, ಒತ್ತಿ ತೋರಿಸಪ್ಪ ಅಂದೆ. ಅವನು ಒತ್ತಿದ ಮೇಲೂ ಅಭ್ಯಾಸಬಲದಿಂದ ಬೆರಳು ಎತ್ತಿದ. ಹೆಬ್ಬೆರಳು, ಕಿರುಬೆರಳು. ಆರು ಅಂತ ನಾನೇ ಹೇಳಿದೆ. ಆರುನೂರು ಅಂದುಕೊಳ್ಳಬೇಡಿ, ಅರವತ್ತು ಯುವಾನ್ ಅಷ್ಟೇ.

ಒಂಬತ್ತು ತಿರುವಿನ ಹೊಳೆಯಲ್ಲಿ ಬಿದಿರಿನ ತೆಪ್ಪದ ಪಯಣ 130 ಯುವಾನ್. ಕಣ್ಣುಮುಚ್ಚಿ ಕೊಡಿ. ಒಂದು ತೆಪ್ಪಕ್ಕೆ ಆರು ಜನ, ಮುಂದೊಬ್ಬ ಹಿಂದೊಬ್ಬ ಜಲ್ಲೆ ಹಿಡಿದವರು. ಸಿಂಗ್‌ಚುನ್ ಹಳ್ಳಿಯಿಂದ ಸುಮಾರು ಒಂಬತ್ತೂವರೆ ಕಿಲೋಮೀಟರ್ ನೀರಿನ ಜೊತೆ ಕೆಳಗೆ. ಜಲ್ಲೆ ತಳದ ಕಲ್ಲಿಗೆ ತಾಗಿದಾಗ ‘ಟಕ್’ ಅನ್ನುತ್ತದೆ, ಆಮೇಲೆ ಮೌನ. ತಲೆ ಎತ್ತಿದರೆ ಬಂಡೆಯ ಗೋಡೆಯ ಬಿರುಕಿನಲ್ಲಿ ದೋಣಿ ಆಕಾರದ ಶವಪೆಟ್ಟಿಗೆ, ಮೂರು ಸಾವಿರ ವರ್ಷದಷ್ಟು ಹಳೆಯವು. ಐದನೇ ತಿರುವಿನಲ್ಲಿ ಝು ಶಿ ಅನ್ನುವ ದೊಡ್ಡ ಪಂಡಿತ 1183ರಲ್ಲಿ ಪಾಠಶಾಲೆ ಕಟ್ಟಿದ್ದ. ಮುಂದಿನ ಅಂಬಿಗ ಎಲ್ಲ ಬಂಡೆಗೂ ಒಂದೊಂದು ಪ್ರಾಣಿಯ ಹೆಸರು ಹೇಳಿ ನಗಿಸುತ್ತಿದ್ದ. ನನಗೆ ಅರ್ಥವಾಗಲಿಲ್ಲ, ಉಳಿದ ಐವರು ನಕ್ಕಾಗ ನಾನೂ ನಕ್ಕೆ.

ಊಟಕ್ಕೆ ಕಳಲೆ! ಮಲೆನಾಡಿನವರಿಗೆ ಇನ್ನೇನು ಹೇಳಲಿ. ಕಳಲೆ, ಅಣಬೆ, ಅನ್ನ. ಮೂರು ದಿನ ಅದನ್ನೇ ತಿಂದೆ.

ವುಯಿಯಲ್ಲೂ ಒಂದು ಕೊರಗು ಉಳಿಯಿತು. ಹೊಗೆಯಲ್ಲಿ ಒಣಗಿಸುವ ಲಾಪ್‌ಸಾಂಗ್ ಚಹಾದ ತವರು ತೊಂಗ್‌ಮು ಹಳ್ಳಿ. ಪ್ರಪಂಚದ ಮೊದಲ ಕಪ್ಪು ಚಹಾ ಅದೇ ಅನ್ನುತ್ತಾರೆ. ಅದು ಕಾಯ್ದಿಟ್ಟ ಕಾಡಿನೊಳಗಿದೆ, ವಿದೇಶಿಯರನ್ನು ಬಿಡುವುದಿಲ್ಲ. ಟ್ಯಾಕ್ಸಿಯವನು ನನ್ನ ಪಾಸ್‌ಪೋರ್ಟ್ ನೋಡಿದ ಕೂಡಲೇ ತಲೆ ಅಲ್ಲಾಡಿಸಿದ. 1849ರಲ್ಲಿ ರಾಬರ್ಟ್ ಫಾರ್ಚೂನ್ ಅನ್ನುವ ಸ್ಕಾಟ್ಲೆಂಡಿನವನು ಚೀನಿ ವೇಷ ಹಾಕಿಕೊಂಡು ವುಯಿಗೆ ಬಂದಿದ್ದ. ಈಸ್ಟ್ ಇಂಡಿಯಾ ಕಂಪನಿಗಾಗಿ ಚೀನಾದ ಚಹಾ ಗಿಡ, ಬೀಜಗಳನ್ನು ನಮ್ಮ ಹಿಮಾಲಯದ ಇಳಿಜಾರಿಗೆ ಸಾಗಿಸಿದವನು ಅವನೇ. ಒಬ್ಬ ಮಾಡಿದ್ದಕ್ಕೆ ನನಗೆ ಬಾಗಿಲು ಮುಚ್ಚಿದರಾ ಅಂತ ತಮಾಷೆಗೆ ಅಂದುಕೊಂಡೆ. ಅಂದ ಹಾಗೆ ನಾವು ‘ಟೀ’ ಅನ್ನುವ ಮಾತಿನ ಮೂಲವೂ ಈ ಫೂಜಿಯಾನ್‌ನ ಕರಾವಳಿಯ ‘ತೇ’. ಹುಬ್ಬಳ್ಳಿಯವರ ‘ಚಾ’ ಚೀನಾದ ಉಳಿದ ಕಡೆಯ ‘ಛಾ’.

ಯಾರಿಗೆ ಯಾವುದು? ಅಪ್ಪ ಅಮ್ಮ ಬರುತ್ತೇನೆ ಅಂದಿದ್ದಾರೆ, ಅವರನ್ನು ನಾನು ಲೋಂಗ್‌ಜಿಂಗ್‌ಗೇ ಕರೆದುಕೊಂಡು ಹೋಗುವುದು. ಬಸ್ಸು ಬಾಗಿಲಿಗೆ ಬರುತ್ತದೆ, ಮೆಟ್ಟಿಲಿಲ್ಲ. ಇಪ್ಪತ್ತೈದರ ಹುಡುಗರು, ಗಟ್ಟಿ ಮಂಡಿ, ಎರಡು ದಿನ ಮೋಡಕ್ಕೆ ಕಾಯುವ ತಾಳ್ಮೆ ಮತ್ತು ದುಡ್ಡು ಇದ್ದರೆ ಹ್ವಾಂಗ್‌ಶಾನ್. ನನ್ನಂಥವರು, ಅಂದರೆ ಕಾಫಿ ನಾಲಿಗೆ, ನಲವತ್ತು ದಾಟಿದ ಮಂಡಿ, ಸಣ್ಣ ಫ್ರಿಜ್, ವುಯಿಗೆ ಹೋಗಿ. ತೆಪ್ಪದ ಟಿಕೆಟ್‌ಗೆ ಪಾಸ್‌ಪೋರ್ಟ್ ನಂಬರು ಬೇಕು, ಹೊತ್ತು ನಿಗದಿ ಮಾಡಿಯೇ ಕೊಡುತ್ತಾರೆ, ಹಾಗಾಗಿ ರೂಮಿಗಿಂತ ಮೊದಲು ಅದನ್ನೇ ಹಿಡಿಯಿರಿ. ಮಳೆ ಜೋರಾಗಿ ಹೊಳೆ ಏರಿದರೆ ತೆಪ್ಪ ಬಿಡುವುದಿಲ್ಲ, ಒಂದು ದಿನ ಜಾಸ್ತಿ ಇಟ್ಟುಕೊಳ್ಳಿ. ನನ್ನ ಎರಡನೇ ಪಯಣದಲ್ಲಿ ಹಾಗೇ ಆಯಿತು, ನಾನು ಉಳಿದಿದ್ದ ಮನೆಯ ಯಜಮಾನಿ ದಿನವಿಡೀ ಕೂರಿಸಿ ಚಹಾ ಸುರಿದರು. ಎಷ್ಟು ಲೋಟ ಅಂತ ಎಣಿಸಲು ಎರಡೂ ಕೈ ಬೇಕಾಗಲಿಲ್ಲ, ಈಗ ನನಗೂ ಒಂದೇ ಕೈಯಲ್ಲಿ ಲೆಕ್ಕ ಬರುತ್ತದೆ.